ಬಾಯಿಮಾತಿನ ಚೀಟಿಗಳು

ನಮ್ಮ ಅಂಗಡಿಯಲ್ಲಿ ಕಾರ್ಡಿಗೆ ತೂತು ಬೀಳದೆ ಬಟ್ಟೆ ಬಾಗಿಲು ದಾಟುವಂತಿರಲಿಲ್ಲ. ಅದು ನೌಕರರ ಸಹಕಾರ ಬಟ್ಟೆ ಅಂಗಡಿ, ದೊಡ್ಡ ಗಡಿಯಾರದಿಂದ ಕೂಗಳತೆಯ ದೂರದಲ್ಲಿತ್ತು. ಕಚೇರಿ, ಕಾರ್ಖಾನೆ, ಶಾಲೆಗಳಲ್ಲಿ ಸಂಬಳಕ್ಕಿರುವವರು ಮೆಂಬರಾಗಬಹುದಿತ್ತು. ಮೆಂಬರಾದವರಿಗೆ ನಂಬರು ಹಾಕಿದ ದಪ್ಪ ರಟ್ಟಿನ ಕಾರ್ಡು ಕೊಡುತ್ತಿದ್ದರು. ಬೇಕಾದ ಬಟ್ಟೆ ಆರಿಸಿ, ಚೀಟಿ ಬರೆಸಿ, ಚೀಟಿಯನ್ನೂ ಕಾರ್ಡನ್ನೂ ಬಾಗಿಲ ಪಕ್ಕದ ಮೇಜಿಗೆ ತರಬೇಕು. ಅಲ್ಲಿ ಕೂತ ಮಂಜೂರಿ ಗುಮಾಸ್ತರು ಆ ನಂಬರಿಗೆ ಎಷ್ಟರವರೆಗೆ ಕೊಡಬಹುದು ಎಂದು ನೋಡಿ, ಕಾರ್ಡಿನಲ್ಲಿ ಆ ತಿಂಗಳ ಚೌಕಕ್ಕೆ ಇಕ್ಕಳದಿಂದ ತೂತು ಹೊಡೆಯುತ್ತಿದ್ದರು. ರೈಲಿನಲ್ಲಿ ಟಿಕೆಟ್ಟಿಗೆ ಹೊಡೆಯುತ್ತಾರಲ್ಲ, ಅಂಥ ಇಕ್ಕಳ. ತೂತಿನ ಆಕಾರ ಮಾತ್ರ ಅರ್ಧಚಂದ್ರ. ಚೀಟಿಗೂ ಅದೇ ತೂತು. ತಿಂಗಳ ಇಪ್ಪತ್ತಕ್ಕೆ ತೂತು ಬಿದ್ದ ಚೀಟಿಗಳು ಅವರವರ ಕಚೇರಿಗೆ ಹೋಗುತ್ತಿದ್ದವು, ಅಲ್ಲಿ ಸಂಬಳದಲ್ಲಿ ಹಿಡಿದು ಅಂಗಡಿಗೆ ಕಟ್ಟುತ್ತಿದ್ದರು. ತೂತಿಲ್ಲದ ಚೀಟಿಯನ್ನು ಯಾವ ಕಚೇರಿಯೂ ಮುಟ್ಟುತ್ತಿರಲಿಲ್ಲ.

ಆ ಮಂಜೂರಿ ಗುಮಾಸ್ತರು ನನ್ನ ಯಜಮಾನರು. ದಸರಾ ಮುಗಿದು ದೀಪಾವಳಿ ಬರುವ ಮೊದಲೇ ಹೋಗಿಬಿಟ್ಟರು. ಬೆಳಿಗ್ಗೆ ಹಂಡೆಗೆ ನೀರು ತುಂಬಲು ಹೋದವರು ಎದೆ ಹಿಡಿದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತರು, ಮತ್ತೆ ಏಳಲಿಲ್ಲ.

ತಿಥಿಯಾದ ಮೂರನೆಯ ದಿನ ಅಂಗಡಿಯ ಕಾರ್ಯದರ್ಶಿಗಳು ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕರು. ಕಾಫಿಯ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತಿದ್ದು, ಕೊನೆಗೆ ಜೇಬಿನಿಂದ ಒಂದು ಹಿಡಿ ಚೀಟಿ ತೆಗೆದು ಚಾಪೆಯ ಮೇಲಿಟ್ಟರು.

"ಇವು ವಸ್ತುಪ್ರದರ್ಶನದ ಮಳಿಗೆಯ ಚೀಟಿಗಳಮ್ಮ. ಒಂದಕ್ಕೂ ತೂತಿಲ್ಲ."

ಆಗಿದ್ದದ್ದು ಇಷ್ಟು. ದಸರಾ ವಸ್ತುಪ್ರದರ್ಶನದಲ್ಲಿ ಅಂಗಡಿಯವರು ಒಂದು ಮಳಿಗೆ ಹಾಕಿದ್ದರು. ಸಂಜೆ ಹೆಂಡತಿ ಮಕ್ಕಳ ಜೊತೆ ದೀಪ ನೋಡಲು ಬರುವವರು ಕಾರ್ಡು ತರುತ್ತಾರೆಯೇ? ಸೀರೆ ನೋಡುತ್ತಾರೆ, ಮನಸ್ಸಾಗುತ್ತದೆ, ಕಾರ್ಡು ಮನೆಯಲ್ಲಿ. ಇಕ್ಕಳವನ್ನು ಅಂಗಡಿಯಿಂದ ಹೊರಗೆ ಒಯ್ಯುವಂತಿಲ್ಲ. ಹೀಗಾಗಿ ನನ್ನ ಯಜಮಾನರು ಮುಖ ನೋಡಿ ಬಾಯಲ್ಲೇ ಮಂಜೂರಿ ಕೊಟ್ಟಿದ್ದರು. ಒಂದು ಮನೆಯ ಕಾರ್ಡನ್ನು ಇನ್ನೊಂದು ಮನೆಯವರು ತಂದು ತೋರಿಸುವುದು ಆಗಾಗ ನಡೆಯುತ್ತಿದ್ದದ್ದರಿಂದ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಬಟ್ಟೆ ಕೊಡುವಾಗ ಪ್ರತಿಯೊಬ್ಬರಿಗೂ ಒಂದೊಂದು ಗುರುತಿನ ಮಾತು ಹೇಳುವುದು, ಅದನ್ನೇ ಚೀಟಿಯ ಮೂಲೆಯಲ್ಲಿ ಬರೆಯುವುದು. ಆಮೇಲೆ ಆ ಮೆಂಬರು ಕಾರ್ಡು ಹಿಡಿದು ಅಂಗಡಿಗೆ ಬಂದು ಅದೇ ಮಾತು ಹೇಳಿದರೆ ತೂತು ಹೊಡೆದುಕೊಡುವುದು. ಕಾರ್ಯದರ್ಶಿಗಳೂ "ದಸರಾ ಮಟ್ಟಿಗೆ ನೀವೇ ನೋಡ್ಕೊಳ್ಳಿ" ಎಂದಿದ್ದರಂತೆ.

ನಾನು ಚೀಟಿಗಳನ್ನು ನೋಡಿದೆ. ನಾನು ಓದಿದ್ದು ಲೋವರ್ ಸೆಕೆಂಡರಿವರೆಗೆ, ಅಕ್ಷರ ಕಷ್ಟವಾಗಲಿಲ್ಲ. ಸೀರೆ ಒಂದು, ರವಿಕೆ ಕಣ ಎರಡು, ಮೂಲೆಯಲ್ಲಿ 'ನಾಳೆ'. ಪಂಚೆ ಜೊತೆ ಒಂದು, ಮೂಲೆಯಲ್ಲಿ 'ಅಳಿಯ'. ಇನ್ನೊಂದರಲ್ಲಿ 'ಗೊರಕೆ'. ಹೆಸರೂ ಇಲ್ಲ, ನಂಬರೂ ಇಲ್ಲ, ಕಾರ್ಡು ತಂದ ದಿನ ಬರೆದುಕೊಂಡರಾಯಿತು ಎಂದು ಬಿಟ್ಟಿದ್ದರಂತೆ.

"ಇವು ಯಾರ ಚೀಟಿ ಅಂತ ನನಗೇನು ಗೊತ್ತು ಸ್ವಾಮಿ?" ಎಂದೆ.

"ಮುಂದಿನ ಇಪ್ಪತ್ತು ದಾಟಿದ್ರೆ ಚೀಟಿ ಸಾಯುತ್ತಮ್ಮ," ಎಂದವರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಅಂಗಡಿಯಲ್ಲಿ ಹಾಗೇ ಅನ್ನುವುದು ರೂಢಿ. "ಆಡಳಿತ ಮಂಡಳಿಯವರು ಕೂತಿದ್ದಾರೆ. ಒಂದು ಚೀಟಿ ಉಳಿದ್ರೂ ಎಲ್ಲಾನೂ ಅನುಮಾನದ್ದೇ ಅಂತಾರೆ. ಮಂಜೂರಿಯಿಲ್ಲದೆ ಕೊಟ್ಟ ಮಾಲು ಅಂತ ನಿಮ್ಮ ಯಜಮಾನರ ಹೆಸರಿನ ಕೆಳಗೆ ಬರೀತಾರಂತೆ. ನೀವು ಬಂದು ಆ ಮೇಜಿನಲ್ಲಿ ಕೂತರೆ ಜನ ಬರಬಹುದು. ನಿಮಗೂ ಒಂದು ದಾರಿಯಾಗುತ್ತೆ."

ದಾರಿಯ ಯೋಚನೆ ಆಗ ನನಗಿರಲಿಲ್ಲ. ಆ ಒಂದು ಸಾಲು ಅವರ ಹೆಸರಿನ ಕೆಳಗೆ ಬೀಳಬಾರದು ಅನ್ನಿಸಿತು. ಅತ್ತೆ ಗೋಡೆಗೆ ಒರಗಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಹೋದ ಮೇಲೆ, "ನನ್ನ ಮಗ ಹುಟ್ಟಿದಾಗಿಂದ ಮಾತು ಕಮ್ಮಿ ಕಣವ್ವ. ಅವನು ಬಾಯಲ್ಲಿ ಮಂಜೂರಿ ಕೊಟ್ಟ ಅಂದ್ರೆ ನಾನೆಂಗೆ ನಂಬ್ಲಿ?" ಎಂದರು.

ನನಗೂ ಅದೇ ಆಶ್ಚರ್ಯ. ಮನೆಯಲ್ಲಿ ಅವರು ಮಾತಾಡುತ್ತಿದ್ದದ್ದು ಬೇಕು, ಬೇಡ, ಸಾಕು, ಬಾಗಿಲು ಹಾಕ್ಕೋ, ಇಷ್ಟೇ. ಕೋಪವೂ ಇರಲಿಲ್ಲ. ಸುಮ್ಮನಿರುತ್ತಿದ್ದರು. ಅದಕ್ಕೆ ನಾನು ಒಗ್ಗಿಕೊಂಡಿದ್ದೆ. ಮಂಡಕಳ್ಳಿಯ ಆಚೆ ನಮ್ಮ ಊರಿನಲ್ಲಿ ನಮ್ಮಪ್ಪನೂ ಹಾಗೇ ಇದ್ದರು.

ಅಂಗಡಿಗೆ ಹೋದ ಮೊದಲ ದಿನವೇ ಗೊತ್ತಾಯಿತು, ಅಲ್ಲಿ ನನ್ನ ಯಜಮಾನರು ಬೇರೆಯೇ ಮನುಷ್ಯ.

ಸೀರೆ ಕೌಂಟರಿನಲ್ಲಿ ಒಬ್ಬ ಹೆಂಗಸು ಇದ್ದಳು. ನನ್ನದೇ ವಯಸ್ಸು, ಜವಳಿ ವ್ಯಾಪಾರದ ಲಿಂಗಾಯತರ ಮನೆಯವಳು. ವ್ಯಾಪಾರ ಮುಳುಗಿದ ಮೇಲೆ ಕೆಲಸಕ್ಕೆ ಸೇರಿದ್ದಳು. ಮಳಿಗೆಯಲ್ಲಿ ನನ್ನ ಯಜಮಾನರ ಪಕ್ಕ ನಿಂತು ಬಟ್ಟೆ ಕೊಟ್ಟವಳು ಅವಳೇ. ಚೀಟಿಗಳ ವಿಷಯ ಕೇಳಿದೆ.

"ಯಾವುದಕ್ಕ? 'ನಾಳೆ'ನಾ? ಅದು ಆಸ್ಪತ್ರೆ ನರ್ಸಮ್ಮ. ಯಾವಾಗ ಬಂದ್ರೂ ಅದನ್ನ ತೆಗಿ ಇದನ್ನ ತೆಗಿ ಅಂದು, ಗುಡ್ಡೆ ಹಾಕಿಸಿ, ನಾಳೆ ಬರ್ತೀನಿ ಅಂತ ಹೋಗ್ಬುಡ್ತಾರೆ. ಮಳಿಗೇಲಿ ಸೀರೆ ತಗೊಂಡೇಬುಟ್ರು. ಅದಕ್ಕೆ ಗುಮಾಸ್ತರು..." ಎಂದವಳು ಒಮ್ಮೆ ಕೆಮ್ಮಿ, ಇಲ್ಲದ ಕನ್ನಡಕವನ್ನು ಮೇಲೆ ತಳ್ಳಿ, ದನಿ ಬದಲಾಯಿಸಿದಳು. "'ಏನಮ್ಮಾ, ಇವತ್ತೇ ನಾಳೆ ಆಗೋಯ್ತಾ? ಕಾರ್ಡು ಮನೇಲಿದ್ರೆ ಇರ್ಲಿ ಬುಡಿ, ಮುಖ ತಂದಿದ್ದೀರಲ್ಲ.'"

ಸುತ್ತ ಇದ್ದವರು ನಕ್ಕು, ನಾನಿರುವುದು ನೆನಪಾಗಿ ಬಟ್ಟೆ ಮಡಿಸತೊಡಗಿದರು.

"ಅವರು ಹಾಗೆ ಮಾತಾಡೋರಲ್ಲ," ಎಂದೆ.

"ಅಂಗಡೀಲಿ ಹಂಗೇ ಕಣಕ್ಕ," ಎಂದಳು ಅವಳು ಮೆಲ್ಲಗೆ.

ಆ ಕೆಮ್ಮು ಅವರದ್ದೇ. ಕನ್ನಡಕ ತಳ್ಳುವುದೂ ಅವರದ್ದೇ. ಅದರ ಜೊತೆಗೆ ಬಂದ ಮಾತು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳದ್ದು. ನನ್ನ ಮನೆಯ ಪಾತ್ರೆಯನ್ನು ಬೇರೆಯವರ ಅಟ್ಟದ ಮೇಲೆ ಕಂಡ ಹಾಗಾಯಿತು. ಅವಳ ಮೇಲೆ ನನಗೆ ಸಂಶಯ ಬರಲಿಲ್ಲ. ಸಂಶಯವಾಗಿದ್ದರೆ ಬಗೆಹರಿಸಿಕೊಳ್ಳಬಹುದಿತ್ತು. ಹೊಟ್ಟೆಕಿಚ್ಚಿಗೆ ಬಗೆಹರಿಸುವಂಥದ್ದು ಏನೂ ಇರುವುದಿಲ್ಲ.

ಕೆಲಸ ಸುಲಭವಾಗಿ ಶುರುವಾಯಿತು. ಸುದ್ದಿ ತಿಳಿದ ಕೆಲವರು ತಾವಾಗಿ ಬಂದರು. ಕಾರ್ಡು ಮೇಜಿನ ಮೇಲಿಟ್ಟು ಮಾತು ಹೇಳುತ್ತಿದ್ದರು, ನಾನು ಚೀಟಿ ಹುಡುಕಿ ತೂತು ಹೊಡೆಯುತ್ತಿದ್ದೆ. ಮೊದಮೊದಲು ಇಕ್ಕಳ ಕೈಗೆ ಬಗ್ಗಲಿಲ್ಲ. ಬಳೆ ತೆಗೆಸಿದ ಕೈ, ಹಗುರವಾಗಿತ್ತು. ಒತ್ತಿದರೆ ಅರ್ಧಚಂದ್ರ ಅರ್ಧವೇ ಬಿದ್ದು ರಟ್ಟು ನೇತಾಡುತ್ತಿತ್ತು. "ಹಿಡಿ ತುದೀಲಿ ಹಿಡೀರಿ ಅಕ್ಕ, ಗುಮಾಸ್ತರು ಹಂಗೇ ಹಿಡೀತಿದ್ದದ್ದು," ಎಂದು ಅದನ್ನೂ ಅವಳೇ ಹೇಳಿಕೊಟ್ಟಳು.

ವಾರ ಕಳೆಯುವುದರೊಳಗೆ ಎಡವಟ್ಟಾಯಿತು. ಒಬ್ಬರು ಬಂದು 'ಛತ್ರಿ' ಎಂದರು. ಚೀಟಿ ಇತ್ತು, ತೂತು ಹೊಡೆದೆ. ಮರುದಿನ ಇನ್ನೊಬ್ಬರು ಬಂದು ಅದೇ 'ಛತ್ರಿ' ಎಂದರು. ಮೊದಲು ಬಂದವರು ಇವರ ಭಾವಮೈದುನ. ಮನೆಯಲ್ಲಿ ಮಾತು ಕೇಳಿಸಿಕೊಂಡು, ಭಾವನಿಗೆ ಓಡಾಟ ತಪ್ಪಲಿ ಎಂದು ತಮ್ಮ ಕಾರ್ಡನ್ನೇ ತಂದು ತೋರಿಸಿ ಹೋಗಿದ್ದರು. ಮೋಸವೇನಿಲ್ಲ, ಉಪಕಾರ. ಆದರೆ ಕಾರ್ಡಿಗೆ ಬಿದ್ದ ತೂತನ್ನು ಮುಚ್ಚುವುದು ಹೇಗೆ? ಕಾರ್ಯದರ್ಶಿಗಳು ಹೆದರಿ ಹೋದರು. ಆವತ್ತೇ ಹೊಸ ನಿಯಮ ಮಾಡಿದರು. ಮೆಂಬರು ತಾವೇ ಬಂದು, ನಾವು ಹೇಳಿಕೊಡದೆ, ಕಾರ್ಯದರ್ಶಿಗಳ ಎದುರಿಗೆ ಆ ಮಾತು ಹೇಳಬೇಕು. ಬಟ್ಟೆ ಕೊಟ್ಟದ್ದು ಇವರಿಗೇ ಎಂದು ಸೀರೆ ಕೌಂಟರಿನವಳು ಹೇಳಬೇಕು. ಆಮೇಲೆ ತೂತು. ಹೀಗಾಗಿ ಅವಳಿಲ್ಲದೆ ನಾನು ಒಂದು ಚೀಟಿಯನ್ನೂ ಮುಗಿಸುವಂತಿರಲಿಲ್ಲ.

ನಿಯಮ ಬಂದ ಮೇಲೆ ಇನ್ನೊಂದು ತೊಡಕು. ಜನ ಬಂದು ನನ್ನನ್ನು ನೋಡಿ ಬಾಯಿ ಕಟ್ಟಿಕೊಳ್ಳತೊಡಗಿದರು. ಲಕ್ಷ್ಮೀಪುರಂನ ಒಬ್ಬ ಮೇಷ್ಟರು ಕಾರ್ಡು ಹಿಡಿದು ಒಂದು ಗಳಿಗೆ ನಿಂತು, "ಏನೂ ಇಲ್ಲ, ಹೀಗೇ ಬಂದೆ ತಾಯಿ," ಎಂದು ಹಿಂದಿರುಗಿದರು. ಸೀರೆ ಕೌಂಟರಿನವಳು ಓಡಿಹೋಗಿ ಕರೆತಂದಳು.

"ಮೇಷ್ಟ್ರೇ, ಹೇಳ್ಬುಡಿ ಅತ್ಲಾಗೆ."

"ಸಾವಾದ ಮನೆಯವರ ಎದುರಿಗೆ ಅಂಥ ಮಾತು ಹೇಳೋದು ಹೆಂಗಮ್ಮ? ಅವರೇನೋ ತಮಾಷೆಗೆ ಅಂದರು."

"ನಾನು ಅಳೋದಿಲ್ಲ ಮೇಷ್ಟ್ರೇ. ಹೇಳಿ," ಎಂದೆ.

ಅವರು ಕಾರ್ಯದರ್ಶಿಗಳ ಕಡೆ ತಿರುಗಿ, ಶಾಲೆಯ ಇನ್‌ಸ್ಪೆಕ್ಟರಿಗೆ ಉತ್ತರ ಹೇಳುವವರ ಹಾಗೆ, "ಗೊರಕೆ," ಎಂದರು. ಹೆಂಡತಿ ಸೀರೆ ಆರಿಸುವಷ್ಟು ಹೊತ್ತೂ ಅವರು ಅಂಗಡಿಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರಂತೆ. ನನ್ನ ಯಜಮಾನರು ಪಕ್ಕದಲ್ಲಿ ಕೂತು, "ಮೇಷ್ಟ್ರು ಮಂಜೂರು ಮಾಡ್ತಾ ಇದ್ದಾರೆ, ನೀವು ಧೈರ್ಯವಾಗಿ ಆರಿಸಿ ತಾಯಿ" ಎನ್ನುತ್ತಿದ್ದರಂತೆ. ಹೇಳುತ್ತ ಹೇಳುತ್ತ ಮೇಷ್ಟರೇ ಕಣ್ಣೊರೆಸಿಕೊಂಡರು. ನಾನು ಕೊಟ್ಟ ಮಾತಿನಂತೆ ಅಳಲಿಲ್ಲ. ಅಳು ಬರುವ ಜಾಗದಲ್ಲಿ ಬೇರೆ ಏನೋ ಸುಡುತ್ತಿತ್ತು.

ಬರದವರ ಮನೆಗೆ ನಾವಿಬ್ಬರೂ ಹೋದೆವು. ಅವಳಿಗೆ ಮುಖ ಗೊತ್ತು, ನನಗೆ ಬೀದಿ ಗೊತ್ತು. ನಡೆಯುವಾಗ ಅವಳು ಮಾತಾಡುತ್ತಲೇ ಇರುತ್ತಿದ್ದಳು, ನಾನು ಎರಡು ಹೆಜ್ಜೆ ಮುಂದಿರುತ್ತಿದ್ದೆ. ಹೋದ ಕಡೆಯೆಲ್ಲ ಒಂದೇ ಮಾತು. "ಎಷ್ಟು ಚೆನ್ನಾಗಿ ಮಾತಾಡೋರು ಕಣಮ್ಮ ನಿಮ್ಮ ಯಜಮಾನರು. ನಿಮಗಂತೂ ಮನೇಲಿ ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲವೇನೋ." ನಾನು ಹೂಂ ಎನ್ನುತ್ತಿದ್ದೆ. ರೈಲ್ವೆ ವರ್ಕ್‌ಶಾಪಿನ ಫಿಟ್ಟರೊಬ್ಬರು 'ಅಳಿಯ' ಚೀಟಿಯವರು. ಏನು ಕೊಂಡರೂ ಅಳಿಯನಿಗೇ ಕೊಳ್ಳುವ ಮನುಷ್ಯ. "'ನಿಮ್ಮ ಅಳಿಯನಿಗೆ ಹೇಳಿ ನನ್ನನ್ನೂ ಅಳಿಯನ್ನ ಮಾಡ್ಕೊಳ್ಳಿ, ನನಗೂ ಒಂದು ಪಂಚೆ ಸಿಕ್ಲಿ' ಅನ್ನೋರು," ಎಂದು ಅವರು ಬಿದ್ದು ಬಿದ್ದು ನಕ್ಕು, ಆಮೇಲೆ ಪೆಚ್ಚಾದರು. ಅವರ ಹೆಂಡತಿ ಒಳಗಿನಿಂದ ನನಗೆ ಬೆಲ್ಲ ನೀರು ತಂದುಕೊಟ್ಟರು. ಅದನ್ನು ಕುಡಿಯುತ್ತ ನಾನು ಯೋಚಿಸಿದ್ದು, ಈ ಮನೆಯ ಹಜಾರದಲ್ಲಿ ನನ್ನ ಗಂಡನ ಎಷ್ಟೊಂದು ಮಾತು ಬಿದ್ದಿದೆ ಎಂದು. ಊರ ತುಂಬ ಅವರ ಮಾತು ಇತ್ತು. ನಮ್ಮ ಮನೆಯಲ್ಲಿ ಅವರ ಚಪ್ಪಲಿ, ಕೊಡೆ, ಕನ್ನಡಕ ಇದ್ದವು.

ಒಂದು ದಿನ ಬರುವಾಗ ತಡೆಯಲಾರದೆ ಕೇಳಿದೆ. "ನನ್ನ ವಿಷಯ ಏನಾದ್ರೂ ಹೇಳೋರಾ?"

ಅವಳು ಯೋಚಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಲ್ಲಕ್ಕ. ಮನೆ ಸುದ್ದಿ ಎತ್ತುತಾನೇ ಇರಲಿಲ್ಲ. ಒಂದ್ಸಲ ನಾನೇ ಕೆಣಕಿದೆ, ಅಕ್ಕಾವರಿಗೆ ಯಾವ ಬಣ್ಣ ಇಷ್ಟ ಗುಮಾಸ್ತರೇ ಅಂತ. ಇಕ್ಕಳ ಒರೆಸ್ತಾ ಕೂತುಬುಟ್ರು."

ಅದಕ್ಕೂ ನನಗೆ ಸಿಟ್ಟು ಬಂತು. ಇಕ್ಕಳ ಒರೆಸಿದ್ದನ್ನೂ ನೋಡಿದವಳು ಅವಳು.

ಹದಿನೇಳನೆಯ ತಾರೀಕಿನ ಹೊತ್ತಿಗೆ ಎಲ್ಲ ಮುಗಿದು ಒಂದೇ ಚೀಟಿ ಉಳಿಯಿತು. ಉಣ್ಣೆ ಮಫ್ಲರ್ ಒಂದು, ಮೂಲೆಯಲ್ಲಿ 'ಉಪ್ಪು'. ಬರೆದ ಕೈ ನನ್ನ ಯಜಮಾನರದ್ದು. ಉಳಿದೆಲ್ಲ ಚೀಟಿ ಸೀರೆ ಕೌಂಟರಿನವಳು ಬರೆದದ್ದು.

"ಇದು ವಿಜಯದಶಮಿ ದಿನದ್ದು," ಎಂದಳು. "ಆವತ್ತು ಪಂಜಿನ ಕವಾಯತು ನೋಡೋಕೆ ಬನ್ನಿಮಂಟಪಕ್ಕೆ ಹೋಗ್ತೀನಿ ಅಂತ ಗುಮಾಸ್ತರನ್ನ ಕೇಳ್ಕೊಂಡು ಬೇಗ ಹೊರಟುಬುಟ್ಟಿದ್ದೆ. ಅವರೊಬ್ರೇ ಇದ್ರು. ಯಾರಿಗೆ ಕೊಟ್ರೋ ಕಾಣೆ. ಉಪ್ಪು ಅಂತ ಯಾರಿಗೆ ಅಂದಿರ್ತಾರೆ? ಕಿರಾಣಿ ಅಂಗಡಿಯವರು ಯಾರೂ ಮೆಂಬರೇ ಅಲ್ಲ."

ಆಗ ನನಗೂ ಹೊಳೆಯಲಿಲ್ಲ. ಸಂಜೆ ಮನೆಗೆ ಬಂದು ಸಾರಿಗಿಟ್ಟೆ. ಉಪ್ಪಿನ ಮರಿಗೆಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು.

ಹಿಂದಿನ ಚಳಿಗಾಲದ ಮಾತು. ಒಂದು ರಾತ್ರಿ ಊಟಕ್ಕೆ ಬಡಿಸಿದ್ದೆ. ಅವರು ಮುದ್ದೆ ಮುರಿದು ಸುಮ್ಮನೆ ಉಂಡರು. ಎರಡನೆಯ ಸಲ ಸಾರು ಹಾಕಿಸಿಕೊಂಡ ಮೇಲೆ, "ಸ್ವಲ್ಪ ಉಪ್ಪು ಕೊಡು," ಎಂದರು. ಸಾರಿಗೆ ನಾನು ಉಪ್ಪೇ ಹಾಕಿರಲಿಲ್ಲ. ನಾಚಿಕೆಯಾಗಿ ತಲೆ ತಗ್ಗಿಸಿದೆ. ಆಗ ಅವರು, ಯಾವತ್ತೂ ಇಲ್ಲದ್ದು, ಒಂದು ಸುದ್ದಿ ಹೇಳಿದರು. "ನಮ್ಮ ಅಂಗಡಿಗೆ ಕರೆಂಟ್ ಆಫೀಸಿನ ಒಬ್ಬ ಮೀಟರ್ ಓದೋರು ಬರ್ತಾರೆ. ಹೆಂಡ್ತಿ ತೀರಿಹೋದ ಮೇಲೆ ತಾವೇ ಬೇಯಿಸ್ಕೋತಾರೆ. ಉಪ್ಪು ಹಾಕಿದೆನೋ ಇಲ್ಲವೋ ಮರೆತು ಎರಡೆರಡು ಸಲ ಹಾಕ್ತಿದ್ರಂತೆ. ಈಗ ಒಂದು ಉಪಾಯ ಮಾಡ್ಕೊಂಡಿದ್ದಾರೆ. ಉಪ್ಪು ಹಾಕಿದ ತಕ್ಷಣ ಗೋಡೆ ಮೇಲಿನ ಕ್ಯಾಲೆಂಡರನ್ನ ಹಿಂದುಮುಂದಾಗಿ ತಿರುಗಿಸಿಡ್ತಾರಂತೆ. ಉಂಡು ಕೈ ತೊಳೆದ ಮೇಲೆ ಸರಿಮಾಡ್ತಾರಂತೆ." ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ತಟ್ಟೆ ನೋಡುತ್ತ, ಅಡುಗೆಮನೆ ಬಿಟ್ಟು ಆಚೆಗೆ ಹೋಗದಷ್ಟು ಮೆಲ್ಲಗೆ, "ನೀನು ಮರೆತ್ರೂ ಪರವಾಗಿಲ್ಲ. ಹಾಕೋಕೆ ನೀನಿದ್ದೀಯಲ್ಲ," ಎಂದರು.

ನಮ್ಮ ಸಂಸಾರದಲ್ಲಿ ಅಷ್ಟು ಉದ್ದದ ಮಾತು ಅದೊಂದೇ.

ಆ ಸಂಜೆ ನಾನು ಅತ್ತೆಗೆ ಏನೂ ಹೇಳಲಿಲ್ಲ. ಮರುದಿನ ಅಂಗಡಿಗೆ ಹೋದವಳು ಅಲ್ಲೂ ಬಾಯಿ ಬಿಡಲಿಲ್ಲ. ಸೀರೆ ಕೌಂಟರಿನವಳು ಬಂದವರನ್ನೆಲ್ಲ ಕೇಳುತ್ತಿದ್ದಳು. ಯಾರಾದರೂ ಉಪ್ಪಿನಕಾಯಿ ಮಾರುವವರ ಅಣ್ಣತಮ್ಮಂದಿರಿದ್ದಾರೆಯೇ, ಸಮುದ್ರದ ಕಡೆಯ ಊರಿನವರಿದ್ದಾರೆಯೇ ಎಂದು ಏನೇನೋ ಊಹೆ ಮಾಡುತ್ತಿದ್ದಳು. ನಾನು ಮೇಜಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅವಳಿಗೆ ಗೊತ್ತಿಲ್ಲದ್ದು ಒಂದಿದೆ, ಅದು ನನಗೆ ಗೊತ್ತಿದೆ. ಯಜಮಾನರು ಹೋದ ಮೇಲೆ ನಾನು ಒಳಗೊಳಗೇ ಹಿಗ್ಗಿದ್ದು ಆವತ್ತು ಒಂದೇ ದಿನ. ಊರಿಗೆಲ್ಲ ಅವರ ಮಾತು ಬೇಕಾದಷ್ಟಿದೆ, ಇದೊಂದು ನನ್ನದು. ಇದನ್ನೂ ಅಂಗಡಿಯ ಮೇಜಿನ ಮೇಲೆ ಇಟ್ಟರೆ ಅವಳು ನಾಳೆಯೇ ಕೆಮ್ಮಿ, ಕನ್ನಡಕ ತಳ್ಳಿ, ನಾಲ್ಕು ಜನರ ಎದುರು ಆಡಿ ತೋರಿಸುತ್ತಾಳೆ. ಆಗ ನನಗೇನು ಉಳಿಯಿತು?

ಮಧ್ಯಾಹ್ನ ಕಾರ್ಯದರ್ಶಿಗಳು ಮೇಜಿನ ಹತ್ತಿರ ಬಂದು ನಿಂತರು. "ನಾಡಿದ್ದು ಬೆಳಿಗ್ಗೆ ಪಟ್ಟಿ ಹೋಗಬೇಕಮ್ಮ. ಮಂಡಳಿಯವರು ಬರೆಯೋಕೆ ಕಾಯ್ತಾ ಇದ್ದಾರೆ. ಒಂದೇ ಚೀಟಿ ಆದರೂ ಸಾಲು ಅದೇ. ನಾನೇನು ಮಾಡ್ಲಿ ಹೇಳಿ."

ಅವರು ಹೋದ ಮೇಲೆ ಆ ಚೀಟಿಯನ್ನು ತೆಗೆದು ನೋಡಿದೆ. ಅಕ್ಷರ ಓರೆಯಾಗಿತ್ತು, ನಿಂತುಕೊಂಡು ಬರೆದದ್ದು. ಪಂಜಿನ ಕವಾಯತಿಗೆ ಊರೆಲ್ಲ ಹೋದ ಸಂಜೆ, ಖಾಲಿ ಮಳಿಗೆಯಲ್ಲಿ, ಹೆಂಡತಿಯಿಲ್ಲದ ಒಬ್ಬ ಮನುಷ್ಯನ ಕುತ್ತಿಗೆಗೆ ಮಫ್ಲರ್ ಕೊಟ್ಟು ಬರೆದದ್ದು. ಅದನ್ನು ಬರೆಯುವಾಗ ಅವರಿಗೆ ನಮ್ಮ ಅಡುಗೆಮನೆ ನೆನಪಾಗಿರಲೇಬೇಕು. ನಾನು ಅದನ್ನು ನನ್ನದೆಂದು ಮುಚ್ಚಿಟ್ಟುಕೊಂಡರೆ ಅವರ ಹೆಸರಿನ ಕೆಳಗೆ ಆ ಸಾಲು ಬೀಳುತ್ತದೆ. ಅವರ ಮಾತು ಮಾತೇ ಅಲ್ಲ ಎಂದು ಬರೆದ ಹಾಗೆ. ಎದ್ದು ಸೀರೆ ಕೌಂಟರಿಗೆ ಹೋದೆ.

"ಕರೆಂಟ್ ಆಫೀಸಿನಲ್ಲಿ ಮೀಟರ್ ಓದೋರು ಯಾರಾದ್ರೂ ನಮ್ಮ ಮೆಂಬರಾ? ಹೆಂಡತಿ ಇಲ್ಲದವರು."

ಅವಳು ನನ್ನನ್ನೇ ನೋಡಿದಳು. "ಇದ್ದಾರೆ. ಕಾಕಿ ಕೋಟಿನವರು. ಲಕ್ಷ್ಮೀಪುರಂ ವಠಾರದಲ್ಲಿ. ನಿಮಗೆಂಗೆ ಗೊತ್ತಕ್ಕ?"

"ಬಾ," ಎಂದೆ.

ವಠಾರದ ಕೊನೆಯ ಕೋಣೆ. ಬಾಗಿಲು ತೆರೆದಿತ್ತು. ಒಳಗೆ ಸೀಮೆಎಣ್ಣೆ ಸ್ಟೌ ಸದ್ದು ಮಾಡುತ್ತಿತ್ತು. ಎದುರು ಗೋಡೆಯ ಮೇಲೆ ಕ್ಯಾಲೆಂಡರು ಬೆನ್ನು ತೋರಿಸಿ ನೇತಾಡುತ್ತಿತ್ತು. ಸೀರೆ ಕೌಂಟರಿನವಳು ಅದನ್ನು ನೋಡಿದಳು. ಗಾಳಿಗೆ ತಿರುಗಿರಬೇಕು ಎಂದುಕೊಂಡಳೋ ಏನೋ. ನನಗೆ ಅಷ್ಟೇ ಸಾಕಿತ್ತು.

ಅವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಐವತ್ತು ದಾಟಿದವರು, ಕುತ್ತಿಗೆಗೆ ಬೂದಿ ಬಣ್ಣದ ಮಫ್ಲರ್. ನನ್ನನ್ನು ಗುರುತು ಹಿಡಿದು ಸೌಟನ್ನು ಹಿಂದಕ್ಕೆ ಮರೆಮಾಡಿದರು.

"ಬರಬೇಕು ಅಂತಲೇ ಇದ್ದೆ ತಾಯಿ. ಒಂದು ದಿನ ಬಂದೂ ಬಂದೆ. ಆ ಕುರ್ಚೀಲಿ ನೀವು ಕೂತಿದ್ದು ನೋಡಿ ಕಾಲು ಮುಂದಕ್ಕೆ ಹೋಗಲಿಲ್ಲ."

"ನಾಳೆ ಬೆಳಿಗ್ಗೆ ಕಾರ್ಡು ತನ್ನಿ," ಎಂದೆ. "ಆ ಮಾತನ್ನ ಇಲ್ಲಿ ಹೇಳಬೇಡಿ. ಅಲ್ಲೇ ಹೇಳಬೇಕು."

"ಸರಿ ತಾಯಿ."

"ಅಡುಗೆ ಆಯ್ತಾ?"

"ಆಗ್ತಾ ಇದೆ," ಎಂದವರು, ನಾನು ನೋಡುತ್ತಿದ್ದ ಗೋಡೆಯ ಕಡೆ ತಾವೂ ನೋಡಿ, ಅಲ್ಲಿಂದ ಕಣ್ಣು ಕಿತ್ತು ನೆಲ ನೋಡಿದರು.

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಂದಿದ್ದರು. ಕಾರ್ಯದರ್ಶಿಗಳ ಎದುರು ಕಾರ್ಡಿಟ್ಟು, "ಉಪ್ಪು," ಎಂದರು. ಮಾತು ಸರಿಹೊಂದಿತು. ಕಾರ್ಯದರ್ಶಿಗಳು ಸೀರೆ ಕೌಂಟರಿನವಳ ಕಡೆ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. "ನಾನು ಆವತ್ತು ಇರಲಿಲ್ಲ ಸಾರ್. ಸುಳ್ಳು ಹೇಳೋಕಾಗಲ್ಲ."

"ಹಾಗಾದ್ರೆ ಹೇಗೆ? ಛತ್ರಿ ಕತೆ ಆಗಿದೆ. ನಿಮಗೇ ಈ ಮಾತು ಯಾಕೆ ಕೊಟ್ಟರು ಸ್ವಾಮಿ?"

ಮೀಟರ್ ಓದುವವರು ಮಫ್ಲರಿನ ತುದಿ ತಿರುಚಿದರು. "ನನಗೇನು ಗೊತ್ತು? ಅವರು ಕೊಟ್ರು, ನಾನು ತಗೊಂಡೆ."

ಗೊತ್ತಿತ್ತು. ಇಷ್ಟು ಜನರ ಎದುರು ತನ್ನ ಒಂಟಿ ಅಡುಗೆಯ ಸುದ್ದಿ ಹೇಳುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ.

"ನೀವು ಹೇಳಿದರೂ ನಡೆಯೋದಿಲ್ಲ ಅನ್ನಿ," ಎಂದರು ಕಾರ್ಯದರ್ಶಿಗಳು. "ನಿಮ್ಮ ಚೀಟಿಗೆ ನೀವೇ ಸಾಕ್ಷಿ ಆಗ್ತೀರಿ. ಅಂಗಡಿ ಕಡೆಯವರು ಯಾರಾದ್ರೂ ಹೇಳಬೇಕು."

"ನಾನು ಹೇಳ್ತೀನಿ," ಎಂದೆ. ಆಮೇಲೆ ಮೀಟರ್ ಓದುವವರ ಕಡೆ ತಿರುಗಿ, "ಹೇಳಲಾ ಅಣ್ಣ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ನಿಮಗೆ ಹೇಳಿದ್ರಾ ಅವರು?"

"ನನಗೆ ಮಾತ್ರ ಹೇಳಿದ್ರು."

ಅವರು ಹೂಂ ಎಂಬಂತೆ ತಲೆಯಾಡಿಸಿದರು. ನಾನು ಹೇಳಿದೆ. ನನ್ನ ಸಾರು, ಎರಡೆರಡು ಸಲ ಬೀಳುತ್ತಿದ್ದ ಉಪ್ಪು, ತಿರುಗಿಸಿಟ್ಟ ಕ್ಯಾಲೆಂಡರು. ಚೆನ್ನಾಗಿ ಹೇಳಲಿಲ್ಲ, ಒಪ್ಪಿಸಿದ ಹಾಗೆ ಹೇಳಿದೆ. ನನ್ನ ದನಿ ನನಗೇ ಒಣಗಿದ ಹಾಗೆ ಕೇಳಿಸುತ್ತಿತ್ತು. ಹೇಳಿ ಮುಗಿಸಿದಾಗ ಯಾರೂ ನಗಲಿಲ್ಲ. ಮೀಟರ್ ಓದುವವರೇ ಮೊದಲು ನಕ್ಕರು. "ಈಗಲೂ ಹಾಗೇ ಮಾಡ್ತೀನಿ," ಎಂದರು. "ನಿನ್ನೆ ಇವರು ಬಂದಾಗಲೂ ತಿರುಗಿಸಿಟ್ಟಿದ್ದೆ."

"ಅಯ್ಯೋ, ಹೌದು, ನಾನೂ ನೋಡಿದೆ," ಎಂದಳು ಸೀರೆ ಕೌಂಟರಿನವಳು. "ಗೋಡೆ ಕಡೆ ಮುಖ ಮಾಡಿತ್ತು ಸಾರ್ ಕ್ಯಾಲೆಂಡರು. ಅದಕ್ಕೆ ನಾನೇ ಸಾಕ್ಷಿ."

ಕಾರ್ಯದರ್ಶಿಗಳು ಚೀಟಿಯನ್ನು ನನ್ನ ಕಡೆ ತಳ್ಳಿದರು. ಇಕ್ಕಳದ ಹಿಡಿಯನ್ನು ತುದಿಯಲ್ಲಿ ಹಿಡಿದು ಕಾರ್ಡಿಗೊಂದು, ಚೀಟಿಗೊಂದು ತೂತು ಹೊಡೆದೆ. ಪೂರಾ ಬಿದ್ದವು. ಪಟ್ಟಿ ಮರುದಿನ ಹೋಯಿತು. ಮಂಡಳಿಯವರಿಗೆ ಬರೆಯಲು ಏನೂ ಉಳಿಯಲಿಲ್ಲ. ಆ ಮೇಜಿನಲ್ಲಿ ನಾನು ಆಮೇಲೂ ಕೂತೆ, ಅದು ಬೇರೆ ಮಾತು.

ಆವತ್ತು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಅಂದುಕೊಂಡದ್ದೇ ಆಯಿತು. ಹಿಂದಿನ ಕೋಣೆಯಲ್ಲಿ ಸೀರೆ ಕೌಂಟರಿನವಳು ಪಂಚೆ ಕೌಂಟರಿನವರಿಗೆ ಹೇಳುತ್ತಿದ್ದಳು. ಮೊದಲು ಕೆಮ್ಮು. ಆಮೇಲೆ ಕನ್ನಡಕ. "'ನಮ್ಮ ಅಂಗಡಿಗೆ ಒಬ್ಬ ಮೀಟರ್ ಓದೋರು ಬರ್ತಾರೆ ಕಣೇ...'"

ನಾನು ಬಾಗಿಲಲ್ಲೇ ನಿಂತೆ. ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ನಾನು ನಿಲ್ಲದೆ ಹೋದ ಕಡೆ ನಿಲ್ಲಿಸಿ, ಒತ್ತಬೇಕಾದ ಕಡೆ ಒತ್ತಿ, ಕ್ಯಾಲೆಂಡರು ತಿರುಗಿಸುವಾಗ ಎರಡೂ ಕೈ ಎತ್ತಿ ಆಡಿ ತೋರಿಸಿದಳು. ಅವರು ಅಂಗಡಿಯಲ್ಲಿ ಹೇಳಿದ್ದರೆ ಹೀಗೇ ಹೇಳುತ್ತಿದ್ದರೇನೋ. ಎಲ್ಲರೂ ನಕ್ಕರು. ಅವಳು ನನ್ನನ್ನು ಕಂಡು ಕೈ ಇಳಿಸಿ, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು.

"ಕ್ಯಾಲೆಂಡರು ತಿರುಗಿಸಿಡ್ತಾರೆ ಅಂದ್ಮೇಲೆ ಗುಮಾಸ್ತರು ಏನಂದ್ರಕ್ಕ? ಅಲ್ಲಿಗೇ ನಿಲ್ಲಿಸೋ ಮನುಷ್ಯರಲ್ಲ ಅವರು. ಕೊನೇಲಿ ಒಂದು ಮಾತು ಇರಲೇಬೇಕು."

ಅವಳು ಅವರನ್ನು ಚೆನ್ನಾಗಿ ಬಲ್ಲವಳು. ನಾನು ಬುತ್ತಿಯ ಮುಚ್ಚಳ ತೆಗೆದೆ.

"ಏನೂ ಅನ್ನಲಿಲ್ಲ," ಎಂದೆ. "ಊಟ ಮಾಡಿ ಎದ್ದರು."